ವೇಗ್ರಂಟ್ ಸ್ಟೋರಿ: ಅರ್ಧಕ್ಕೆ ಕೈಬಿಡದೆ ಆಡಿ ಮುಗಿಸಲು ಒಂದು ಮಾರ್ಗದರ್ಶಿ

ಸ್ಕ್ವೇರ್ ಕಂಪನಿಯ ‘ವೇಗ್ರಂಟ್ ಸ್ಟೋರಿ’ ಎಂಬ ವಿಡಿಯೋ ಗೇಮ್ 2000ನೇ ಇಸವಿಯ ಫೆಬ್ರವರಿಯಲ್ಲಿ ಜಪಾನಿನಲ್ಲಿಯೂ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಬಿಡುಗಡೆಯಾಯಿತು. ಮೊದಲ ಪ್ಲೇಸ್ಟೇಷನ್‌ಗಾಗಿ ಬಂದ ಈ ಆಟಕ್ಕೆ ಜಪಾನಿನ ಫಾಮಿಟ್ಸು ಪತ್ರಿಕೆ 40ಕ್ಕೆ 40 ಅಂಕ ಕೊಟ್ಟಿತ್ತು. ಆ ಪತ್ರಿಕೆಯ ಇತಿಹಾಸದಲ್ಲಿ ಪೂರ್ಣಾಂಕ ಪಡೆದ ಮೂರನೆಯ ಆಟ ಇದು. ಆದರೆ ಹುಟ್ಟಿದ ಗಳಿಗೆ ಚೆನ್ನಾಗಿರಲಿಲ್ಲ. ಮರುತಿಂಗಳೇ ಜಪಾನಿನಲ್ಲಿ ಪ್ಲೇಸ್ಟೇಷನ್ 2 ಮಾರುಕಟ್ಟೆಗೆ ಬಂದು ಎಲ್ಲರ ಗಮನ ಅತ್ತ ಹರಿಯಿತು. ಫೈನಲ್ ಫ್ಯಾಂಟಸಿ ಸರಣಿಯ ಹಳೆಯ ಆಟಗಳು ಹೊಸ ಹೊಸ ರೂಪದಲ್ಲಿ ಮರಳಿ ಬರುತ್ತಿರುವಾಗ, ಅದೇ ಕಂಪನಿಯ ಈ ಆಟ ಮಾತ್ರ ಹಳೆಯ ಯಂತ್ರಗಳಲ್ಲಿಯೇ ಉಳಿದುಕೊಂಡಿದೆ.

ಹೆಸರು ಕೇಳಿ ಆಡಲು ಕುಳಿತವರಲ್ಲಿ ಹಲವರು ಇದನ್ನು ಮೊದಲ ಕೆಲವು ಗಂಟೆಗಳಲ್ಲಿಯೇ ಬಿಟ್ಟುಬಿಡುತ್ತಾರೆ. ಕತ್ತಿ ಬೀಸಿದರೆ ಶತ್ರುವಿಗೆ ತಗಲುವ ಪೆಟ್ಟು ಸೊನ್ನೆ ಅಥವಾ ಒಂದು ಎಂದು ಪರದೆಯ ಮೇಲೆ ಕಾಣಿಸುತ್ತದೆ, ಶತ್ರುವಿನ ಒಂದೇ ಪೆಟ್ಟಿಗೆ ನಾಯಕನ ಅರ್ಧ ಪ್ರಾಣ ಹೋಗುತ್ತದೆ, ಇದಕ್ಕೆ ಕಾರಣವೇನೆಂದು ಆಟ ತಾನಾಗಿ ಹೇಳುವುದಿಲ್ಲ. ಬೆರಳಿನ ಚುರುಕು ಸಾಲದ್ದರಿಂದ ಹೀಗಾಗುತ್ತದೆ ಎಂದು ಆಡುವವರು ಭಾವಿಸುತ್ತಾರೆ. ನಿಜಕ್ಕೂ ಹಾಗಲ್ಲ. ಯಾವ ಶತ್ರುವಿಗೆ ಯಾವ ಶಸ್ತ್ರ ಎಂಬ ಲೆಕ್ಕ, ಎಷ್ಟು ಹೊಡೆದ ಮೇಲೆ ನಿಲ್ಲಿಸಬೇಕು ಎಂಬ ಅಂದಾಜು, ಇವೆರಡು ಕೈಗೆ ಹತ್ತಿದರೆ ಈ ಆಟ ಅಂಥ ಕಷ್ಟದ್ದೇನಲ್ಲ. ಈ ಲೇಖನ ಹೆಚ್ಚಾಗಿ ಆ ಎರಡು ವಿಷಯಗಳನ್ನು ಕುರಿತದ್ದು. ಕಥೆಯ ತಿರುವುಗಳನ್ನು ಇಲ್ಲಿ ಬಯಲು ಮಾಡುವುದಿಲ್ಲ.

ಆಟವನ್ನು ಪಡೆಯುವುದು

ಮೂಲ ಡಿಸ್ಕ್ ಸಿಕ್ಕರೆ ಅದನ್ನು ಪ್ಲೇಸ್ಟೇಷನ್ 1, 2 ಮತ್ತು 3 ಈ ಮೂರೂ ಕನ್ಸೋಲ್‌ಗಳಲ್ಲಿ ಆಡಬಹುದು. ಆದರೆ ಡಿಸ್ಕಿನ ಪ್ರದೇಶವೂ ಕನ್ಸೋಲಿನ ಪ್ರದೇಶವೂ ಹೊಂದಿಕೆಯಾಗಬೇಕು. ಅಮೆರಿಕದಲ್ಲಿರುವ ಅಣ್ಣನೋ ಅಕ್ಕನೋ ಕಳುಹಿಸಿದ ಡಿಸ್ಕನ್ನು ಇಲ್ಲಿ ಕೊಂಡ ಸೆಕೆಂಡ್ ಹ್ಯಾಂಡ್ ಕನ್ಸೋಲಿಗೆ ಹಾಕಿದರೆ ಅದು ಓಡದೇ ಇರಬಹುದು. ಹಣ ಕೊಡುವ ಮುನ್ನ ಎರಡನ್ನೂ ಹೋಲಿಸಿ ನೋಡಿಕೊಳ್ಳುವುದು ಒಳ್ಳೆಯದು. ಯುರೋಪಿನ ಆವೃತ್ತಿ ಸೆಕೆಂಡಿಗೆ ಕಡಿಮೆ ಚಿತ್ರ ತೋರಿಸುವ 50 ಹರ್ಟ್ಸ್‌ನಲ್ಲಿ ಓಡುವುದರಿಂದ, ಆಯ್ಕೆ ಇದ್ದರೆ ಅಮೆರಿಕದ ಆವೃತ್ತಿಯನ್ನೇ ಆರಿಸಿಕೊಳ್ಳಬೇಕು.

ಪ್ಲೇಸ್ಟೇಷನ್ 3 ಮತ್ತು ಕೈಯಲ್ಲಿ ಹಿಡಿದು ಆಡುವ ವೀಟಾ ಯಂತ್ರದ ಆನ್‌ಲೈನ್ ಅಂಗಡಿಗಳಲ್ಲಿ ಇದರ ಡಿಜಿಟಲ್ ಪ್ರತಿಯನ್ನು ಮಾರಾಟಕ್ಕೆ ಇಡಲಾಗಿತ್ತು. ಈ ಎರಡು ಯಂತ್ರಗಳ ಅಂಗಡಿಯಲ್ಲಿ ಕಾರ್ಡಿನಿಂದ ನೇರವಾಗಿ ಹಣ ಕಟ್ಟುವ ಸೌಲಭ್ಯವನ್ನು ಸೋನಿ 2021ರಲ್ಲಿ ನಿಲ್ಲಿಸಿದೆ. ಆದ್ದರಿಂದ ಮೊದಲು ಬ್ರೌಸರ್‌ನಲ್ಲಿಯೋ ಹೊಸ ಕನ್ಸೋಲಿನಲ್ಲಿಯೋ ವಾಲೆಟ್‌ಗೆ ಹಣ ತುಂಬಿಸಿ, ಆಮೇಲೆ ಹಳೆಯ ಯಂತ್ರದಲ್ಲಿ ಕೊಳ್ಳಬೇಕಾಗುತ್ತದೆ. ನಿಮ್ಮ ಖಾತೆಯ ದೇಶದ ಅಂಗಡಿಯಲ್ಲಿ ಆಟದ ಹೆಸರು ಕಾಣುತ್ತದೆಯೇ ಎಂದು ಹುಡುಕಿ ನೋಡದೆ ವಾಲೆಟ್‌ಗೆ ಹಣ ಹಾಕಬೇಡಿ. ಸ್ವಂತ ಡಿಸ್ಕ್ ಇದ್ದು ಕನ್ಸೋಲ್ ಕೆಟ್ಟು ಕುಳಿತಿದ್ದರೆ, ಆ ಡಿಸ್ಕನ್ನು ಕಂಪ್ಯೂಟರಿಗೆ ನಕಲಿಸಿಕೊಂಡು ಡಕ್‌ಸ್ಟೇಷನ್‌ನಂತಹ ಕನ್ಸೋಲನ್ನು ಅನುಕರಿಸುವ ಎಮ್ಯುಲೇಟರ್‌ನಲ್ಲಿ ಆಡುವ ದಾರಿಯೂ ಇದೆ. ಚಿತ್ರದ ರೆಸಲ್ಯೂಷನ್ ಹೆಚ್ಚಿಸಿಕೊಳ್ಳಬಹುದು ಎಂಬುದು ಅದರ ಲಾಭ, ಆದರೆ ಈ ಆಟದ ಮಬ್ಬು ಕಂದುಬಣ್ಣ ಹಳೆಯ ಟಿವಿಯ ಮೇಲೆ ಕಂಡಷ್ಟು ಚೆನ್ನಾಗಿ ಬೇರೆಲ್ಲಿಯೂ ಕಾಣುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಕಥೆಯ ಹಿನ್ನೆಲೆ, ಬೇಕಾದಷ್ಟು ಮಾತ್ರ

ವ್ಯಾಲೆಂಡಿಯಾ ಎಂಬ ಕಲ್ಪಿತ ರಾಜ್ಯದಲ್ಲಿ ಆಶ್ಲಿ ರಾಯಟ್ ಎಂಬ ‘ರಿಸ್ಕ್‌ಬ್ರೇಕರ್’ ಇದ್ದಾನೆ. ಒಂಟಿಯಾಗಿ ಹೋಗಿ ಅಪಾಯದ ಕೆಲಸ ಮುಗಿಸಿ ಬರುವುದು ಈ ಹುದ್ದೆಯವರ ಕರ್ತವ್ಯ. ಮುಲೆನ್‌ಕ್ಯಾಂಪ್ ಎಂಬ ಪಂಥದವರು ಡ್ಯೂಕ್ ಬಾರ್ಡೋರ್ಬಾನ ಮಹಲನ್ನು ಆಕ್ರಮಿಸುತ್ತಾರೆ. ಅವರ ಮುಖಂಡ ಸಿಡ್ನಿ ಲಾಸ್ಟರಾಟ್, ಡ್ಯೂಕನ ಮಗ ಜೋಶುವಾನೊಂದಿಗೆ ತಪ್ಪಿಸಿಕೊಂಡು ಲೆಯಾ ಮೊಂಡ್ ಎಂಬ ಪಾಳು ನಗರಕ್ಕೆ ಓಡುತ್ತಾನೆ. ಅವನನ್ನು ಬೆನ್ನಟ್ಟಿ ಆಶ್ಲಿ ಅಲ್ಲಿಗೆ ಬರುತ್ತಾನೆ. ಅವನ ಜೊತೆಗೆ ಕ್ಯಾಲೊ ಮೆರ್ಲೋಸ್ ಎಂಬ ಅಧಿಕಾರಿಯೂ, ಅವರ ಹಿಂದೆಯೇ ಗಿಲ್ಡೆನ್‌ಸ್ಟರ್ನ್ ಎಂಬಾತನ ನೇತೃತ್ವದ ಕ್ರಿಮ್ಸನ್ ಬ್ಲೇಡ್ಸ್ ಯೋಧರೂ ಬರುತ್ತಾರೆ. ಇಷ್ಟು ತಿಳಿದಿದ್ದರೆ ಸಾಕು.

ಲೆಯಾ ಮೊಂಡ್ ಇಪ್ಪತ್ತೈದು ವರ್ಷಗಳ ಹಿಂದಿನ ಭೂಕಂಪದಲ್ಲಿ ನಾಶವಾದ ನಗರ. ಇದರ ರೂಪಕ್ಕೆ ಫ್ರಾನ್ಸಿನ ಬೋರ್ಡೊ ಸೀಮೆಯ ಸೆಂತ್ ಎಮಿಲಿಯೊಂ ಎಂಬ ಊರು ಮಾದರಿಯಾಗಿದೆ. ದ್ರಾಕ್ಷಾರಸಕ್ಕೆ ಹೆಸರಾದ ಆ ಊರಿನ ಕೆಳಗೆ ನಿಜವಾಗಿಯೂ ಸುಣ್ಣಕಲ್ಲಿನ ಗಣಿಗಳಿವೆ, ಬಂಡೆಯನ್ನೇ ಕೊರೆದು ಮಾಡಿದ ನೆಲದೊಳಗಿನ ಚರ್ಚ್ ಇದೆ. ಆಟ ಮದ್ಯದ ನೆಲಮಾಳಿಗೆಯಿಂದ ಆರಂಭವಾಗುವುದಕ್ಕೂ ಮುಂದೆ ಸುಣ್ಣಕಲ್ಲಿನ ಗಣಿಯೊಂದನ್ನು ಹಾದು ಹೋಗುವುದಕ್ಕೂ ಮೂಲ ಅಲ್ಲಿದೆ. ಪ್ರತಿ ಕೋಣೆಗೂ ಒಂದು ಹೆಸರಿದ್ದು ಒಳಗೆ ಕಾಲಿಟ್ಟಾಗ ಅದು ಪರದೆಯ ಮೇಲೆ ಮೂಡುತ್ತದೆ. ನೆಲಮಾಳಿಗೆಯ ಒಂದು ಕೋಣೆಯ ಹೆಸರು ‘ಶ್ರೀಮಂತರು ಮದ್ಯದಲ್ಲಿ ಮುಳುಗುತ್ತಾರೆ’ ಎಂಬರ್ಥದ್ದು, ಇನ್ನೊಂದರದ್ದು ‘ಕೊಳೆತ ದ್ರಾಕ್ಷಿಯ ಕೋಣೆ’ ಎಂಬರ್ಥದ್ದು. ಮಾತಾಡಿಸಲು ಒಬ್ಬ ನಿವಾಸಿಯೂ ಇಲ್ಲದ ಈ ನಗರದ ಗತವೈಭವ ಮತ್ತು ಜಗಳಗಳು ಇಂಥ ಹೆಸರುಗಳಲ್ಲಿಯೇ ಅಡಗಿವೆ. ಓದದೆ ಓಡಬೇಡಿ.

ಅಲೆಕ್ಸಾಂಡರ್ ಓ. ಸ್ಮಿತ್ ಮಾಡಿದ ಇಂಗ್ಲಿಷ್ ಅನುವಾದ ಹಳೆಯ ನಾಟಕಗಳ ಗತ್ತಿನ ಭಾಷೆಯಲ್ಲಿದೆ. ಪಾತ್ರಗಳ ಮಾತು ಕಾಮಿಕ್ಸ್ ಪುಸ್ತಕದಂತೆ ಬಲೂನುಗಳಲ್ಲಿ ಬರುತ್ತದೆ, ಧ್ವನಿ ಇಲ್ಲ. ಇಂಗ್ಲಿಷ್ ಅಷ್ಟಾಗಿ ರೂಢಿಯಲ್ಲಿ ಇಲ್ಲದವರಿಗೆ ಮೊದಲ ಅರ್ಧ ಗಂಟೆ ತುಸು ತೊಡಕೆನಿಸಬಹುದು. ಪ್ರತಿ ಪದ ಬಿಡಿಸಿಕೊಳ್ಳುವ ಅಗತ್ಯವಿಲ್ಲ, ಯಾರು ಯಾರನ್ನು ನಂಬುತ್ತಿಲ್ಲ ಎಂಬುದನ್ನು ಹಿಡಿದರೆ ಕಥೆ ಅರ್ಥವಾಗುತ್ತದೆ.

ಮೊದಲ ಹೆಜ್ಜೆ: ಗೋಳವನ್ನು ಓದುವುದು

ಈ ಆಟದಲ್ಲಿ ಹೊಡೆಯುವ ಬಟನ್ ಒತ್ತಿದ ಕೂಡಲೇ ಕತ್ತಿ ಬೀಸುವುದಿಲ್ಲ. ಆಶ್ಲಿ ಯುದ್ಧಸ್ಥಿತಿಗೆ ಬಂದು ಬಟನ್ ಒತ್ತಿದಾಗ ಅವನ ಸುತ್ತ ತಂತಿಬಲೆಯಂತಹ ಗೋಳವೊಂದು ಮೂಡುತ್ತದೆ, ಕಾಲ ನಿಲ್ಲುತ್ತದೆ. ಗೋಳದ ಅಳತೆ ಕೈಯಲ್ಲಿರುವ ಶಸ್ತ್ರದ ಎಟುಕಿಗೆ ತಕ್ಕಂತೆ ಇರುತ್ತದೆ. ಬಾಕುವಿನದು ಚಿಕ್ಕದು, ಈಟಿಯದು ದೊಡ್ಡದು, ಅಡ್ಡಬಿಲ್ಲಿನದು ಇನ್ನೂ ದೊಡ್ಡದು. ಅದರೊಳಗೆ ಸಿಕ್ಕ ಶತ್ರುವಿನ ತಲೆ, ಮೈ, ಕೈ, ಕಾಲುಗಳನ್ನು ಒಂದೊಂದಾಗಿ ಆರಿಸಬಹುದು. ಪ್ರತಿ ಅಂಗಕ್ಕೂ ಪೆಟ್ಟು ತಗಲುವ ಸಾಧ್ಯತೆ ಶೇಕಡಾವಾರಿನಲ್ಲಿಯೂ ಆಗುವ ನಷ್ಟ ಅಂಕಿಯಲ್ಲಿಯೂ ಕಾಣುತ್ತದೆ.

ಆತುರಪಡದೆ ಎಲ್ಲ ಅಂಗಗಳ ಮೇಲೂ ಗುರಿಯನ್ನು ಸರಿಸಿ ಆ ಎರಡು ಸಂಖ್ಯೆಗಳನ್ನು ಓದುವುದೇ ಮೊದಲ ಅಭ್ಯಾಸ. ಒಂದೇ ಶತ್ರುವಿನ ತಲೆಗೆ ಎರಡು ಅಂಕದ ಪೆಟ್ಟು ತೋರಿಸುವ ಕತ್ತಿ, ಅವನ ಕಾಲಿಗೆ ಹದಿನೈದು ತೋರಿಸಬಹುದು, ಏಕೆಂದರೆ ಪ್ರತಿ ಅಂಗದ ಕವಚವೂ ಬೇರೆ. ಇದಲ್ಲದೆ ಅಂಗಕ್ಕೆ ಬಿದ್ದ ಗಾಯಕ್ಕೆ ತನ್ನದೇ ಪರಿಣಾಮವಿದೆ: ಕಾಲು ಜಖಂ ಆದವನ ನಡಿಗೆ ನಿಧಾನವಾಗುತ್ತದೆ, ತಲೆಗೆ ಬಲವಾದ ಪೆಟ್ಟು ಬಿದ್ದವನು ಮಂತ್ರ ಹಾಕಲಾರ. ಮಾಂತ್ರಿಕರನ್ನು ಎದುರಿಸುವಾಗ ಸ್ವಲ್ಪ ಕಡಿಮೆ ಪೆಟ್ಟು ಬಿದ್ದರೂ ತಲೆಗೇ ಹೊಡೆಯುವುದು ಲಾಭದಾಯಕ. ಇದೇ ನಿಯಮ ಆಶ್ಲಿಗೂ ಅನ್ವಯಿಸುತ್ತದೆ ಎಂಬುದು ನೆನಪಿರಲಿ.

ಆರಂಭದಲ್ಲಿ ಮಹಲಿನೊಳಗೆ ಸಿಡ್ನಿ ಎಬ್ಬಿಸಿ ಬಿಡುವ ವೈವರ್ನ್ ಎಂಬ ರೆಕ್ಕೆಯ ಮೃಗದ ಜೊತೆ ನಡೆಯುವ ಕಾಳಗ ಈ ಅಭ್ಯಾಸಕ್ಕೆಂದೇ ಇದ್ದಂತಿದೆ. ಅಲ್ಲಿ ಗೆಲ್ಲುವ ಧಾವಂತ ಬೇಡ. ಹತ್ತಿರ, ದೂರ, ಪಕ್ಕ ಎಲ್ಲ ಕಡೆ ನಿಂತು ಗೋಳ ತೆರೆದು ನೋಡಿ. ಮೆನುವಿನೊಳಗೆ ಆಟದ ಕೈಪಿಡಿಯೂ ಇದೆ, ಬಿಡುವಿದ್ದಾಗ ಒಮ್ಮೆ ಓದಿದರೆ ನಷ್ಟವಿಲ್ಲ.

ಎರಡನೆಯ ಹೆಜ್ಜೆ: ರಿಸ್ಕ್ ಎಂಬ ಮಾಪಕ

ಪರದೆಯ ಮೇಲೆ ಪ್ರಾಣ ಮತ್ತು ಮಂತ್ರಶಕ್ತಿಯ ಅಂಕಗಳ ಜೊತೆ ರಿಸ್ಕ್ ಎಂಬ ಮೂರನೆಯ ಅಂಕಿ ಇರುತ್ತದೆ. ಪ್ರತಿ ಪೆಟ್ಟಿಗೂ ಅದು ಏರುತ್ತದೆ. ಏರಿದಷ್ಟೂ ಆಶ್ಲಿಯ ಗುರಿ ತಪ್ಪುವುದು ಹೆಚ್ಚುತ್ತದೆ, ಅವನಿಗೆ ತಗಲುವ ಪೆಟ್ಟೂ ಹೆಚ್ಚುತ್ತದೆ. ಆಕಸ್ಮಿಕವಾಗಿ ಭಾರಿ ಪೆಟ್ಟು ಬೀಳುವ ಸಾಧ್ಯತೆಯೂ ಜೊತೆಯಲ್ಲಿ ಹೆಚ್ಚುವುದರಿಂದ ಇದು ಪೂರ್ತಿ ಕೇಡಿನದೇನಲ್ಲ, ಆದರೆ ಹೊಸಬರು ಆ ಆಸೆಗೆ ಬೀಳದಿರುವುದೇ ಲೇಸು.

ಪೆಟ್ಟು ಶತ್ರುವಿಗೆ ತಗಲುವ ಕ್ಷಣದಲ್ಲಿ ಆಶ್ಲಿಯ ತಲೆಯ ಮೇಲೆ ಆಶ್ಚರ್ಯಸೂಚಕ ಚಿಹ್ನೆ ಮಿಂಚುತ್ತದೆ. ಆಗಲೇ ಸರಿಯಾಗಿ ಇನ್ನೊಂದು ಬಟನ್ ಒತ್ತಿದರೆ ಎರಡನೆಯ ಪೆಟ್ಟು, ಮತ್ತೆ ಒತ್ತಿದರೆ ಮೂರನೆಯದು, ಹೀಗೆ ಸರಪಳಿ ಬೆಳೆಯುತ್ತದೆ. ಮೂರು ಬಟನ್‌ಗಳಿಗೆ ಮೂರು ಕೌಶಲಗಳನ್ನು ಕೊಟ್ಟುಕೊಳ್ಳಬಹುದು, ಒಂದೇ ಬಟನನ್ನು ಬೆನ್ನುಬೆನ್ನಿಗೆ ಒತ್ತಲು ಆಗುವುದಿಲ್ಲ. ತಾಳ ಸಿಕ್ಕಿದ ಮೇಲೆ ಹತ್ತು ಹದಿನೈದು ಪೆಟ್ಟುಗಳ ಸರಪಳಿ ಕಷ್ಟವಲ್ಲ, ಅದರಲ್ಲಿ ಒಂದು ಖುಷಿಯೂ ಇದೆ. ತೊಂದರೆ ಇರುವುದೂ ಅಲ್ಲಿಯೇ. ಸರಪಳಿ ಉದ್ದವಾದಂತೆ ಪ್ರತಿ ಪೆಟ್ಟಿಗೆ ಕೂಡುವ ರಿಸ್ಕ್ ಕೂಡ ದೊಡ್ಡದಾಗುತ್ತಾ ಹೋಗುತ್ತದೆ. ಶತ್ರು ಸಾಯದೆ ಉಳಿದರೆ, ರಿಸ್ಕ್ ನೂರರ ಹತ್ತಿರವಿರುವಾಗ ಅವನ ಒಂದೇ ಏಟು ಸಾಕು, ಸೇವ್ ಮಾಡಿದ ಜಾಗದಿಂದ ಮತ್ತೆ ಶುರು ಮಾಡಬೇಕಾಗುತ್ತದೆ.

ಆದ್ದರಿಂದ ಒಂದು ಸಲಕ್ಕೆ ಮೂರು ಅಥವಾ ನಾಲ್ಕು ಪೆಟ್ಟು, ನಂತರ ಹಿಂದೆ ಸರಿಯುವುದು ಎಂಬ ನಿಯಮವನ್ನು ಆಟದ ಮೊದಲ ಅರ್ಧದವರೆಗೆ ಕಟ್ಟುನಿಟ್ಟಾಗಿ ಪಾಲಿಸಿ. ರಿಸ್ಕ್ ನಲವತ್ತು ದಾಟಿದರೆ ಹೊಡೆಯುವುದನ್ನು ನಿಲ್ಲಿಸಿ. ಕತ್ತಿಯನ್ನು ಒರೆಗೆ ಹಾಕಿ ಸಾಮಾನ್ಯ ಸ್ಥಿತಿಗೆ ಮರಳಿದರೆ ಅದು ಬೇಗ ಇಳಿಯುತ್ತದೆ. ಕೋಣೆ ಖಾಲಿಯಾದ ಮೇಲೆ ಸುಮ್ಮನೆ ನಿಂತುಕೊಂಡರೂ ಪ್ರಾಣ, ಮಂತ್ರಶಕ್ತಿ ಮತ್ತು ರಿಸ್ಕ್ ಮೂರೂ ನಿಧಾನವಾಗಿ ಸರಿಹೋಗುತ್ತವೆ. ತುರ್ತಿಗೆ ವೇರಾ ರೂಟ್, ವೇರಾ ಬಲ್ಬ್ ಮೊದಲಾದ ಔಷಧಿಗಳಿವೆ. ಇವು ರಿಸ್ಕನ್ನು ಇಳಿಸುವಂಥವು, ಇವನ್ನು ಚಿಕ್ಕ ಶತ್ರುಗಳ ಮೇಲೆ ಖರ್ಚು ಮಾಡದೆ ದೊಡ್ಡ ಕಾಳಗಗಳಿಗೆಂದು ಕೂಡಿಡಬೇಕು. ಈ ಆಟದಲ್ಲಿ ಅಂಗಡಿ ಎಂಬುದೇ ಇಲ್ಲ. ಸಿಕ್ಕಿದ್ದು, ಶತ್ರುಗಳು ಬಿಟ್ಟು ಹೋದದ್ದು, ನೀವೇ ಮಾಡಿಕೊಂಡದ್ದು, ಇಷ್ಟೇ ಆಸ್ತಿ.

ಕೌಶಲಗಳು ಹೋರಾಡಿದಂತೆ ಒಂದೊಂದಾಗಿ ಸಿಗುತ್ತವೆ, ಯಾವುದು ಬೇಕೆಂದು ಆಟವೇ ಕೇಳುತ್ತದೆ. ದಾಳಿಯಲ್ಲಿ ಹೆವಿ ಶಾಟ್ ಮತ್ತು ಗೇನ್ ಲೈಫ್ ಮೊದಲಿಗೆ ಸಾಕು. ಎರಡನೆಯದು ಕೊಟ್ಟ ಪೆಟ್ಟಿನ ಒಂದು ಪಾಲನ್ನು ಪ್ರಾಣವಾಗಿ ಹಿಂದಿರುಗಿಸುತ್ತದೆ. ಶಸ್ತ್ರ ಬೆಳೆಸಲು ಇನ್‌ಸ್ಟಿಲ್ ಸಹಾಯಕ್ಕೆ ಬರುತ್ತದೆ. ಆಟದ ಕೊನೆಯ ಭಾಗದಲ್ಲಿ ಫ್ಯಾಂಟಮ್ ಪೇನ್ ಮತ್ತು ರೇಜಿಂಗ್ ಏಕ್ ಬಹುಪಾಲು ಆಟಗಾರರ ಮೆಚ್ಚಿನವು, ಏಕೆಂದರೆ ಶಸ್ತ್ರ ಆ ಶತ್ರುವಿಗೆ ಹೊಂದದಿದ್ದರೂ ಇವು ಕೆಲಸ ಮಾಡುತ್ತವೆ. ರಕ್ಷಣೆಯ ಕೌಶಲಗಳಿಗೂ ಇದೇ ಬಗೆಯ ಸಮಯಪ್ರಜ್ಞೆ ಬೇಕು. ಶತ್ರುವಿನ ಪೆಟ್ಟು ಬೀಳುವಾಗ ಒತ್ತಬೇಕು. ಅದಕ್ಕೂ ರಿಸ್ಕ್ ಏರುತ್ತದೆ ಎಂಬುದನ್ನು ಮರೆಯಬಾರದು.

ಮೂರನೆಯ ಹೆಜ್ಜೆ: ಶಸ್ತ್ರಗಳನ್ನು ಬೇರೆ ಬೇರೆ ಬೆಳೆಸುವುದು

ಆಟವನ್ನು ಬಿಟ್ಟುಹೋದವರೆಲ್ಲ ಎಡವಿದ ಕಲ್ಲು ಇದು. ಹಾಗಾಗಿ ತುಸು ವಿವರವಾಗಿ ನೋಡೋಣ.

ಬೇರೆ ಆಟಗಳಲ್ಲಿ ಇರುವುದರಲ್ಲಿ ಬಲವಾದ ಕತ್ತಿಯನ್ನು ಕೈಗೆ ಕೊಟ್ಟರೆ ಮುಗಿಯಿತು. ಇಲ್ಲಿ ಹಾಗೆ ಮಾಡುವುದು ತೆಂಗಿನಕಾಯಿ ಒಡೆಯುವ ಕತ್ತಿಯಲ್ಲಿ ಕೊತ್ತಂಬರಿ ಹೆಚ್ಚಲು ಹೋದಂತೆ. ಒಂದು ಶಸ್ತ್ರದ ಪೆಟ್ಟು ಎಷ್ಟು ಬೀಳುತ್ತದೆ ಎಂಬುದನ್ನು ಅದರ ಮೂಲ ಬಲದ ಜೊತೆಗೆ ಮೂರು ವಿಷಯಗಳು ನಿರ್ಧರಿಸುತ್ತವೆ. ಮೊದಲನೆಯದು ಪೆಟ್ಟಿನ ಬಗೆ: ಜಜ್ಜುವುದು, ಕೊಯ್ಯುವುದು, ಚುಚ್ಚುವುದು. ಎರಡನೆಯದು ಶತ್ರುವಿನ ವರ್ಗ: ಮನುಷ್ಯ, ಮೃಗ, ಜೀವಂತ ಶವ, ಮಾಯಾರೂಪಿ, ಡ್ರ್ಯಾಗನ್, ದುಷ್ಟಶಕ್ತಿ ಎಂಬ ಆರು. ಮೂರನೆಯದು ಗುಣ: ಬರಿಯ ದೈಹಿಕ ಬಲದ ಜೊತೆಗೆ ಗಾಳಿ, ಬೆಂಕಿ, ಭೂಮಿ, ನೀರು, ಬೆಳಕು, ಕತ್ತಲೆ. ಗಾಳಿಗೆ ಭೂಮಿ, ಬೆಂಕಿಗೆ ನೀರು, ಬೆಳಕಿಗೆ ಕತ್ತಲೆ ಎದುರು.

ಈಗ ಮುಖ್ಯ ಸಂಗತಿ. ಒಂದು ಶಸ್ತ್ರದಿಂದ ಮೃಗಗಳನ್ನು ಹೊಡೆಯುತ್ತಾ ಹೋದರೆ ಆ ಶಸ್ತ್ರದ ಮೃಗವರ್ಗದ ಅಂಕ ಏರುತ್ತದೆ. ಅದೇ ವೇಳೆಗೆ ಬೇರೆ ವರ್ಗದ ಅಂಕ ಇಳಿಯುತ್ತದೆ. ಗುಣಗಳ ವಿಷಯವೂ ಹೀಗೆಯೇ. ಎಲ್ಲ ಶತ್ರುಗಳನ್ನೂ ಒಂದೇ ಕತ್ತಿಯಿಂದ ಹೊಡೆದವನ ಕತ್ತಿಯಲ್ಲಿ ಏರಿದ್ದೆಲ್ಲ ಇಳಿದು, ಕೊನೆಗೆ ಯಾವುದಕ್ಕೂ ಬಾರದ ಶಸ್ತ್ರ ಉಳಿಯುತ್ತದೆ. ಡ್ರ್ಯಾಗನ್ ಎದುರಾದಾಗ ಗೋಳದಲ್ಲಿ ಸೊನ್ನೆ ಕಾಣುವುದಕ್ಕೆ ಇದೇ ಕಾರಣ.

ಆದ್ದರಿಂದ ಆರಂಭದಿಂದಲೇ ಕನಿಷ್ಠ ಮೂರು ಶಸ್ತ್ರಗಳನ್ನು ಕೆಲಸ ಹಂಚಿ ಇಟ್ಟುಕೊಳ್ಳಿ. ಆಶ್ಲಿ ಕೈಯಲ್ಲಿ ಮೊದಲಿಗೆ ಇರುವ ಫ್ಯಾಂಡಾಂಗೊ ಎಂಬ ಕತ್ತಿಯನ್ನು ಮನುಷ್ಯರಿಗೆ ಮೀಸಲಿಡಬಹುದು, ಯಾಕೆಂದರೆ ಕ್ರಿಮ್ಸನ್ ಬ್ಲೇಡ್ಸ್ ಯೋಧರು ಕೊನೆಯವರೆಗೂ ಸಿಗುತ್ತಲೇ ಇರುತ್ತಾರೆ. ಜಜ್ಜುವ ಬಗೆಯ ಒಂದು ಗದೆ ಅಥವಾ ದೊಣ್ಣೆಯನ್ನು ಶವಸಮಾಧಿಗಳಲ್ಲಿ ತಿರುಗುವ ಜೀವಂತ ಶವಗಳಿಗೆ, ಒಂದು ಈಟಿಯನ್ನೋ ಬಾಕುವನ್ನೋ ಬಾವಲಿ ತೋಳಗಳಂಥ ಮೃಗಗಳಿಗೆ ಬಳಸಿ. ಡ್ರ್ಯಾಗನ್ ಮತ್ತು ದುಷ್ಟಶಕ್ತಿಗಳಿಗೆ ಮುಂದೆ ಸಿಕ್ಕ ಒಳ್ಳೆಯ ಶಸ್ತ್ರಗಳನ್ನು ಎತ್ತಿಡಬಹುದು. ಶಸ್ತ್ರವನ್ನು ಹೊಸದಾಗಿ ಜೋಡಿಸಿದಾಗ ಅದಕ್ಕೆ ಹೆಸರಿಡುವ ಅವಕಾಶ ಇದೆ. ಆಟ ಸೂಚಿಸುವ ಗಂಭೀರ ಹೆಸರುಗಳನ್ನು ಪಕ್ಕಕ್ಕಿಟ್ಟು ‘ಮೃಗ’, ‘ಹೆಣ’, ‘ಮನುಷ್ಯ’ ಎಂದೇ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡರೆ ಕಾಳಗದ ನಡುವೆ ಮೆನು ತೆರೆದಾಗ ತಡಕಾಡುವ ಗೋಜಿಲ್ಲ. ಅಂದಕ್ಕೇನೂ ಹೆಚ್ಚಲ್ಲ, ಉಪಯೋಗಕ್ಕೆ ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಕಂಡಿಲ್ಲ.

ಹಿಡಿಗಳಿಗೆ ರತ್ನ ಕೂರಿಸುವ ಕುಳಿಗಳಿರುತ್ತವೆ. ರತ್ನವೊಂದು ವರ್ಗದ ಅಥವಾ ಗುಣದ ಅಂಕವನ್ನು ಹೆಚ್ಚಿಸುತ್ತದೆ, ಬೇಕಾದಾಗ ತೆಗೆದು ಬೇರೆ ಶಸ್ತ್ರಕ್ಕೆ ಹಾಕಬಹುದು. ಅಪರೂಪಕ್ಕೆ ಎದುರಾಗುವ ವರ್ಗಕ್ಕೆ ಹೊಸ ಶಸ್ತ್ರ ಬೆಳೆಸುವುದಕ್ಕಿಂತ ಕುಳಿಗಳಿರುವ ಹಿಡಿಯೊಂದಕ್ಕೆ ತಕ್ಕ ರತ್ನ ಕೂರಿಸುವುದು ಸುಲಭ. ಅಭ್ಯಾಸದ ಗೊಂಬೆಗಳಿರುವ ಕೋಣೆಗಳು ಮುಂದೆ ಸಿಗುತ್ತವೆ. ಅವನ್ನು ಹೊಡೆದು ಶಸ್ತ್ರ ಬೆಳೆಸುವ ತಾಳ್ಮೆ ಕೆಲವರಿಗಿರುತ್ತದೆ. ಒಮ್ಮೆ ಆಡಿ ಮುಗಿಸುವುದಷ್ಟೇ ಗುರಿಯಾದರೆ ಅದರ ಅಗತ್ಯವಿಲ್ಲ.

ಕಮ್ಮಟದ ಕೆಲಸ

ನಗರದ ಅಲ್ಲಲ್ಲಿ ಪಾಳುಬಿದ್ದ ಕಮ್ಮಟಗಳಿವೆ. ಅಲ್ಲಿ ಸವೆದ ಶಸ್ತ್ರವನ್ನು ದುರಸ್ತಿ ಮಾಡಬಹುದು, ಅಲಗು ಮತ್ತು ಹಿಡಿಗಳನ್ನು ಬಿಚ್ಚಿ ಜೋಡಿಸಬಹುದು, ಎರಡು ಅಲಗುಗಳನ್ನು ಕರಗಿಸಿ ಒಂದನ್ನಾಗಿ ಮಾಡಬಹುದು. ಮರ, ಚರ್ಮ, ಕಂಚು, ಕಬ್ಬಿಣ, ಹಗಾನೆ ಎಂಬ ಉಕ್ಕು, ಬೆಳ್ಳಿ, ಡಮಾಸ್ಕಸ್ ಇವು ಆಟದ ವಸ್ತುಗಳು. ಪ್ರತಿ ಕಮ್ಮಟವೂ ಇವುಗಳಲ್ಲಿ ಕೆಲವನ್ನು ಮಾತ್ರ ಬಳಸಬಲ್ಲದು. ಡಮಾಸ್ಕಸ್ ಇವುಗಳಲ್ಲಿ ಎಲ್ಲಕ್ಕಿಂತ ಮೇಲು. ಆ ಹೆಸರಿನ ಇತಿಹಾಸಪ್ರಸಿದ್ಧ ಕತ್ತಿಗಳಿಗೆ ದಕ್ಷಿಣ ಭಾರತದ ಮೂಸೆಗಳಲ್ಲಿ ತಯಾರಾದ ಉಕ್ಕಿನ ಗಟ್ಟಿಗಳು ಹೋಗುತ್ತಿದ್ದವು, ಮೈಸೂರು ಸೀಮೆಯಲ್ಲಿಯೂ ಆ ಕಸುಬು ಇತ್ತು ಎಂಬುದನ್ನು ನೆನೆದರೆ ಕನ್ನಡದ ಆಟಗಾರನಿಗೆ ಆ ಅಲಗು ಕೈಗೆ ಸಿಕ್ಕಾಗ ತುಸು ಹೆಚ್ಚು ಸಂತೋಷವಾಗಬಹುದು.

ಬೆಸುಗೆಯ ಫಲ ಅಲಗಿನ ಜಾತಿಯನ್ನೂ ವಸ್ತುವನ್ನೂ ಯಾವುದನ್ನು ಮೊದಲು ಇಟ್ಟಿರಿ ಎಂಬುದನ್ನೂ ಅವಲಂಬಿಸಿರುತ್ತದೆ. ಒಪ್ಪಿಗೆ ಕೊಡುವ ಮುನ್ನವೇ ಬರಲಿರುವ ಶಸ್ತ್ರದ ವಿವರ ಪರದೆಯ ಮೇಲೆ ಕಾಣುತ್ತದೆ. ಒಂದನ್ನೊಂದು ಅದಲುಬದಲು ಮಾಡಿ ಎರಡೂ ಫಲಗಳನ್ನು ನೋಡಿ, ಬೇಕಾದದ್ದಕ್ಕೆ ಒಪ್ಪಿಗೆ ಕೊಡಿ. ಕೆಲವೊಮ್ಮೆ ಎರಡು ಒಳ್ಳೆಯ ಅಲಗುಗಳು ಸೇರಿ ಕೀಳಾದದ್ದೊಂದು ಹುಟ್ಟುತ್ತದೆ. ಕಮ್ಮಟಕ್ಕೆ ಹೋಗುವ ಮೊದಲು ಸೇವ್ ಮಾಡಿಕೊಂಡಿದ್ದರೆ ಚಿಂತೆಯಿಲ್ಲ. ಶತ್ರುಗಳು ಬಿಟ್ಟುಹೋಗುವ ಸಾಧಾರಣ ಶಸ್ತ್ರಗಳನ್ನು ಬಿಸಾಡದೆ, ಬೆಳೆಸಿದ ಶಸ್ತ್ರಕ್ಕೆ ಬೆಸೆಯುತ್ತಾ ಹೋಗುವುದರಿಂದಲೇ ಒಂದು ಬಾಕು ಕೊನೆಯವರೆಗೂ ಬಾಳುತ್ತದೆ. ಸಾಗಿಸುವ ಸಾಮಾನಿಗೆ ಮಿತಿ ಇದೆ. ಕೆಲವು ಸೇವ್ ಕೋಣೆಗಳಲ್ಲಿರುವ ಪೆಟ್ಟಿಗೆಯಲ್ಲಿ ಉಳಿದದ್ದನ್ನು ಇಡಬಹುದು. ಆ ಪೆಟ್ಟಿಗೆ ತೆರೆದು ಮುಚ್ಚುವಾಗಲೆಲ್ಲ ಮೆಮೊರಿ ಕಾರ್ಡಿನ ಓದು ಬರಹಕ್ಕೆ ಕಾಯಬೇಕು. ಇಡೀ ಆಟದಲ್ಲಿ ನನಗೆ ನಿಜಕ್ಕೂ ಬೇಸರ ತರಿಸುವ ಭಾಗ ಇದೊಂದೇ.

ಮಂತ್ರಗಳು

ಗ್ರಿಮೊಯರ್ ಎಂಬ ಮಂತ್ರಪುಸ್ತಕವನ್ನು ಒಮ್ಮೆ ಬಳಸಿದರೆ ಆ ಮಂತ್ರ ಶಾಶ್ವತವಾಗಿ ಆಶ್ಲಿಯದಾಗುತ್ತದೆ. ಅವುಗಳಲ್ಲಿ ಅನಲೈಜ್ ಎಂಬುದು ಸಿಕ್ಕ ಕೂಡಲೇ ಪ್ರತಿ ಹೊಸ ಶತ್ರುವಿನ ಮೇಲೂ ಹಾಕಿ, ನಂತರ ಸ್ಥಿತಿಯ ಪರದೆಯನ್ನು ತೆರೆದು ಅವನ ವರ್ಗ, ಗುಣ, ಯಾವ ಅಂಗ ಯಾವ ಬಗೆಯ ಪೆಟ್ಟಿಗೆ ದುರ್ಬಲ ಎಂಬುದನ್ನು ಓದಿ. ಊಹೆ ಮಾಡುವ ಕೆಲಸವೇ ಇರುವುದಿಲ್ಲ.

ಹೆರಾಕ್ಲೀಸ್ ಆಶ್ಲಿಯ ಬಲ ಹೆಚ್ಚಿಸುತ್ತದೆ, ಡಿಜನರೇಟ್ ಶತ್ರುವಿನ ಬಲ ತಗ್ಗಿಸುತ್ತದೆ. ಪ್ರೊಸ್ಟೇಸಿಯಾ ನಿಮ್ಮ ಶಸ್ತ್ರ ಕವಚಗಳನ್ನು ಗಟ್ಟಿಮಾಡುತ್ತದೆ, ಟಾರ್ನಿಶ್ ಎದುರಾಳಿಯದನ್ನು ಸಡಿಲಿಸುತ್ತದೆ. ಬೆಂಕಿಯಿಂದ ಸುಡುವ ಮಂತ್ರಗಳು ನೋಡಲು ಚೆಂದ, ಆದರೆ ಈ ನಾಲ್ಕರಷ್ಟು ಕೆಲಸಕ್ಕೆ ಬರುವುದಿಲ್ಲ. ದೊಡ್ಡ ಕಾಳಗದ ಮೊದಲ ನಿಮಿಷವನ್ನು ಹೊಡೆಯಲು ಬಳಸದೆ ಹೆರಾಕ್ಲೀಸ್ ಮತ್ತು ಡಿಜನರೇಟ್ ಹಾಕಲು ಬಳಸಿದವರಿಗೆ ಪೆಟ್ಟಿನ ಅಂಕಿಗಳಲ್ಲಿ ವ್ಯತ್ಯಾಸ ತಕ್ಷಣ ಕಾಣುತ್ತದೆ. ಲುಫ್ಟ್, ಸ್ಪಾರ್ಕ್, ಸಾಯಿಲ್, ಫ್ರಾಸ್ಟ್ ಎಂಬ ನಾಲ್ಕು ಫ್ಯೂಶನ್ ಮಂತ್ರಗಳು ಶಸ್ತ್ರಕ್ಕೆ ತಾತ್ಕಾಲಿಕವಾಗಿ ಗಾಳಿ, ಬೆಂಕಿ, ಭೂಮಿ, ನೀರಿನ ಗುಣ ಕೊಡುತ್ತವೆ. ಸರಿಯಾದ ವರ್ಗದ ಶಸ್ತ್ರವಿದ್ದೂ ಗುಣ ಹೊಂದದಿದ್ದರೆ ಇವು ಆ ಕೊರತೆಯನ್ನು ತುಂಬುತ್ತವೆ. ನೆಲದಲ್ಲಿ ಅಡಗಿರುವ ಬಲೆಗಳನ್ನು ತೋರಿಸಲು ಯುರೇಕಾ ಮಂತ್ರವಿದೆ, ಐ ಆಫ್ ಆರ್ಗಾನ್ ಎಂಬ ವಸ್ತುವೂ ಅದೇ ಕೆಲಸ ಮಾಡುತ್ತದೆ.

ಮೊದಲ ದೊಡ್ಡ ಪರೀಕ್ಷೆ: ಮಿನೊಟಾರ್

ನೆಲಮಾಳಿಗೆಯ ‘ಗಲ್ಲುಗಂಬ’ ಎಂಬರ್ಥದ ಕೋಣೆಯಲ್ಲಿ ಗೂಳಿಯ ತಲೆಯ ಮಿನೊಟಾರ್ ಕಾದಿರುತ್ತದೆ. ಒಳಗೆ ಹೋಗುವ ಮೊದಲು ಸೇವ್ ಮಾಡಿ, ಪ್ರಾಣ ಪೂರ್ತಿ ತುಂಬಿಸಿಕೊಂಡು, ರಿಸ್ಕ್ ಸೊನ್ನೆಗೆ ಬರುವವರೆಗೆ ಹೊರಗೆ ನಿಲ್ಲಿ. ಇದು ಮೃಗವರ್ಗದ್ದು, ಹಾಗಾಗಿ ಅಲ್ಲಿಯವರೆಗೆ ಬಾವಲಿ ತೋಳಗಳ ಮೇಲೆ ಬಳಸಿದ ಶಸ್ತ್ರವನ್ನೇ ಕೈಗೆ ತೆಗೆದುಕೊಳ್ಳಿ. ಹತ್ತಿರ ಹೋಗಿ ಗೋಳ ತೆರೆದು ಪ್ರತಿ ಅಂಗದ ಅಂಕಿ ನೋಡಿ, ಹೆಚ್ಚು ನಷ್ಟ ತೋರಿಸುವ ಅಂಗಕ್ಕೆ ಎರಡು ಮೂರು ಪೆಟ್ಟು ಕೊಟ್ಟು ದೂರ ಓಡಿ. ಅದು ಮತ್ತೆ ಹತ್ತಿರ ಬರುವಷ್ಟರಲ್ಲಿ ರಿಸ್ಕ್ ಕೊಂಚ ಇಳಿದಿರುತ್ತದೆ. ಮತ್ತೆ ಎರಡು ಮೂರು. ಪ್ರಾಣ ಅರ್ಧಕ್ಕಿಂತ ಕೆಳಗಿಳಿದರೆ ‘ಇನ್ನೊಂದು ಪೆಟ್ಟು ಹೊಡೆದು ನೋಡೋಣ’ ಎನ್ನದೆ ಪ್ರಾಣ ತುಂಬುವ ಕ್ಯೂರ್ ರೂಟ್ ಬಳಸಿ. ಇದೇ ಲಯದಲ್ಲಿ ನಿಧಾನವಾಗಿ ಹೋದರೆ ಗೆಲುವು ಖಚಿತ, ಸಮಯ ಮಾತ್ರ ಹಿಡಿಯುತ್ತದೆ.

ಗೆದ್ದ ಮೇಲೆ ಚಕ್ರವೊಂದು ತಿರುಗಿ ಆಶ್ಲಿಯ ಯಾವುದಾದರೊಂದು ಶಕ್ತಿ ಶಾಶ್ವತವಾಗಿ ಹೆಚ್ಚುತ್ತದೆ. ಇಲ್ಲಿ ಅನುಭವದ ಅಂಕ ಕೂಡಿಸಿ ಹಂತ ಏರುವ ಪದ್ಧತಿ ಇಲ್ಲ. ಮಿನೊಟಾರ್‌ನಂಥ ಬಾಸ್‌ಗಳನ್ನು ಗೆದ್ದಾಗ ಸಿಗುವ ಈ ಹೆಚ್ಚಳ, ಅಪರೂಪಕ್ಕೆ ಸಿಗುವ ಹಳೆಯ ಮದ್ಯಗಳು ಮತ್ತು ರಸಾಯನಗಳು, ಇವುಗಳಿಂದ ಮಾತ್ರ ಆಶ್ಲಿ ಬಲಿಷ್ಠನಾಗುತ್ತಾನೆ. ಚಿಕ್ಕ ಶತ್ರುಗಳನ್ನು ನೂರು ಸಲ ಕೊಂದರೂ ಅವನ ಮೈಬಲ ಹೆಚ್ಚುವುದಿಲ್ಲ, ಶಸ್ತ್ರದ ಅಂಕಗಳಷ್ಟೇ ಬದಲಾಗುತ್ತವೆ.

ದಾರಿ ಹುಡುಕುವಾಗ

ಬೀಗ ಹಾಕಿದ ಬಾಗಿಲುಗಳಲ್ಲಿ ಕೆಲವಕ್ಕೆ ಕ್ಯಾಮೊಮೈಲ್, ಲಿಲಿ, ಹಯಸಿಂತ್ ಮೊದಲಾದ ಗಿಡ ಹೂಗಳ ಹೆಸರಿನ ಮುದ್ರೆಗಳು ಬೇಕು. ಬಾಗಿಲ ಮುಂದೆ ನಿಂತಾಗ ಯಾವ ಮುದ್ರೆ ಬೇಕೆಂದು ಆಟ ಹೇಳುತ್ತದೆ, ನಕ್ಷೆಯಲ್ಲಿ ಅದನ್ನು ಗುರುತಿಟ್ಟುಕೊಳ್ಳುವ ಜವಾಬ್ದಾರಿ ನಿಮ್ಮದು. ಒಂದು ಹಾಳೆಯಲ್ಲಿ ಕೋಣೆಯ ಹೆಸರು ಮತ್ತು ಮುದ್ರೆಯ ಹೆಸರು ಬರೆದಿಡುವುದು ಈ ಕಾಲದಲ್ಲಿಯೂ ಸುಲಭದ ದಾರಿ. ಪೆಟ್ಟಿಗೆಗಳನ್ನು ದೂಡಿ, ಒಂದರ ಮೇಲೊಂದಿಟ್ಟು ಹತ್ತಿ ದಾಟುವ ಕೋಣೆಗಳೂ ಆಗಾಗ ಬರುತ್ತವೆ. ಕೆಲವು ಜಾಣತನದವು, ಕೆಲವು ಬರೀ ಶ್ರಮದವು. ಸಿಕ್ಕಿಕೊಂಡರೆ ಕೋಣೆಯಿಂದ ಹೊರಗೆ ಹೋಗಿ ಮತ್ತೆ ಬಂದರೆ ಪೆಟ್ಟಿಗೆಗಳು ಮೊದಲಿನ ಜಾಗಕ್ಕೆ ಮರಳಿರುತ್ತವೆ. ಸ್ನೋಫ್ಲೈ ಕಾಡಿನಲ್ಲಿ ತಪ್ಪು ದಾರಿ ಹಿಡಿದವರನ್ನು ಕಾಡೇ ಸುತ್ತಿಸಿ ಹಿಂದಕ್ಕೆ ತಂದು ಬಿಡು‌ತ್ತದೆ. ಅಲ್ಲಿ ಒಂದು ಸಲಕ್ಕೆ ಒಂದೇ ದಿಕ್ಕನ್ನು ಪರೀಕ್ಷಿಸಿ, ಫಲವನ್ನು ಅದೇ ಹಾಳೆಯಲ್ಲಿ ಬರೆದುಕೊಳ್ಳಿ. ಸೇವ್ ಸ್ಥಳಗಳ ನಡುವೆ ಮಂತ್ರದಿಂದ ಹಾರುವ ಸೌಲಭ್ಯ ತಡವಾಗಿ ಸಿಗುತ್ತದೆ, ಅಲ್ಲಿಯವರೆಗೆ ಹಳೆಯ ಕೋಣೆಗಳನ್ನು ಕಾಲ್ನಡಿಗೆಯಲ್ಲಿಯೇ ದಾಟಬೇಕು.

ಆಡುವಾಗ ಧ್ವನಿಯನ್ನು ತಗ್ಗಿಸಬೇಡಿ. ಹಿಟೋಶಿ ಸಾಕಿಮೋಟೊ ಅವರ ಸಂಗೀತ ಬಹಳಷ್ಟು ಕಡೆ ಬೇಕೆಂದೇ ಮೌನವಾಗಿರುತ್ತದೆ, ಆಗ ಕೇಳುವ ಹೆಜ್ಜೆಯ ಸದ್ದು, ನೀರು ತೊಟ್ಟಿಕ್ಕುವ ಸದ್ದು ಮುಂದಿನ ಕೋಣೆಯ ಬಗ್ಗೆ ಎಚ್ಚರಿಸುತ್ತವೆ. ನಿರ್ದೇಶಕ ಯಾಸುಮಿ ಮಾತ್ಸುನೊ ಇದಕ್ಕೆ ಮೊದಲು 1997ರಲ್ಲಿ ‘ಫೈನಲ್ ಫ್ಯಾಂಟಸಿ ಟ್ಯಾಕ್ಟಿಕ್ಸ್’ ಮಾಡಿದ್ದರು, ಇದರ ನಂತರ ‘ಫೈನಲ್ ಫ್ಯಾಂಟಸಿ 12’ರ ಕೆಲಸ ಆರಂಭಿಸಿದರು. ಆ ಎರಡನ್ನು ಆಡಿ ಮೆಚ್ಚಿದವರಿಗೆ ಇಲ್ಲಿಯ ಧರ್ಮಪೀಠದ ರಾಜಕೀಯವೂ ಅಕಿಹಿಕೊ ಯೋಶಿದಾ ಅವರು ರೂಪಿಸಿದ ಪಾತ್ರಗಳ ಮುಖಗಳೂ ಪರಿಚಿತವೆನಿಸುತ್ತವೆ.

ಮುಗಿಸಿದ ಮೇಲೆ

ಮೊದಲ ಬಾರಿಗೆ ಮುಗಿಸಲು ಇಪ್ಪತ್ತರಿಂದ ಮೂವತ್ತು ಗಂಟೆ ಬೇಕಾಗಬಹುದು. ಕೊನೆಯಲ್ಲಿ ಕೇಳಿದಾಗ ಸೇವ್ ಮಾಡಿಕೊಳ್ಳುವುದನ್ನು ಮರೆಯಬೇಡಿ. ಆ ಸೇವ್‌ನಿಂದ ಹೊಸದಾಗಿ ಆರಂಭಿಸಿದರೆ ಬೆಳೆಸಿದ ಶಸ್ತ್ರಗಳೂ ಕಲಿತ ಮಂತ್ರಗಳೂ ಜೊತೆಗೇ ಬರುತ್ತವೆ, ಮೊದಲ ಸಲ ತೆರೆಯದ ಕೆಲವು ಬಾಗಿಲುಗಳು ತೆರೆಯುತ್ತವೆ. ಐರನ್ ಮೇಡನ್ ಎಂಬ ನೆಲದೊಳಗಿನ ಸೆರೆಮನೆಯ ಕೆಳ ಅಂತಸ್ತುಗಳಿಗೆ ಎರಡನೆಯ ಸಲ ಮಾತ್ರ ಪ್ರವೇಶ. ಅಲ್ಲಿಯ ಕೋಣೆಗಳಿಗೆ ಹಳೆಯ ಯುರೋಪಿನ ಚಿತ್ರಹಿಂಸೆಯ ಸಲಕರಣೆಗಳ ಹೆಸರಿಟ್ಟಿದ್ದಾರೆ, ಶತ್ರುಗಳೂ ಆ ಹೆಸರಿಗೆ ತಕ್ಕಂತೆಯೇ ಇದ್ದಾರೆ. ಆರೂ ವರ್ಗಗಳಿಗೆ ಒಂದೊಂದು ಶಸ್ತ್ರ ಸಿದ್ಧವಿಲ್ಲದೆ, ವೇರಾ ಔಷಧಿಗಳು ಕೈತುಂಬ ಇಲ್ಲದೆ ಅತ್ತ ಇಳಿಯಬೇಡಿ.